ವಿಡಿಯೋದಲ್ಲಿ ಇಲ್ಲದ ಹಳದಿ ಪುಡಿ

ಹಿರೇಹಡಗಲಿ
12-1-2025, ಭಾನುವಾರ

ಕೊಟ್ಟೂರಿನ ಅಂಜಿನಕ್ಕನ ತಮ್ಮನವರಿಗೆ ಸಂಗೀತಾ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಕರೆದು ರೂಢಿಯಿಲ್ಲ, 'ಪ್ರೀತಿಯ' ಎಂದು ಬರೆಯಲು ಸಿಟ್ಟು ಬಿಡುತ್ತಿಲ್ಲ. ಅದಕ್ಕೇ ನಿಮ್ಮ ಅಕ್ಕನ ಹೆಸರಿನ ಆಸರೆ ಹಿಡಿದಿದ್ದೇನೆ. ಹೇಗೂ ನೀವು ಅವರ ಮನೆ ಸೇರಿ ನಲವತ್ತು ದಿನವಾಯಿತು. ನನ್ನ ಫೋನ್ ಎತ್ತುವುದಿಲ್ಲ. "ಆ ಕಾರು ಮನ್ಯಾಗ ಇರೋತನಕ ನಾ ಬರಂಗಿಲ್ಲ" ಎಂದು ಅಕ್ಕನ ಬಾಯಲ್ಲಿ ಹೇಳಿಸಿದ್ದೀರಿ. ನಾಳೆ ಗುಜರಿಯವನು ಬಂದು ಒಯ್ಯುತ್ತಾನಂತೆ, ಅವನಿಗೂ ನೀವೇ ಹೇಳಿದ್ದೀರಿ. ಅಪ್ಪ ಸಾಯುವವರೆಗೆ ಓಡಿಸಿ ನಮಗೆ ಕೊಟ್ಟುಹೋದ ಕಾರು ಉಳಿಸಿಕೊಂಡರೆ ನೀವಿಲ್ಲ, ನೀವು ಬೇಕೆಂದರೆ ಅಪ್ಪನ ಕಾರಿಲ್ಲ. ಎರಡರಲ್ಲಿ ಒಂದು ಆರಿಸು ಎಂದರೆ ನನ್ನ ತಲೆ ಓಡುವುದಿಲ್ಲ. ಅದಕ್ಕೇ ಪಾನಾ ಹಿಡಿದು ರಿಪೇರಿಗೆ ಕುಳಿತೆ.

ಹರಪನಹಳ್ಳಿಗೆ ನೆಂಟರ ನಿಶ್ಚಿತಾರ್ಥಕ್ಕೆ ಹೋಗುವಾಗ ಕಾರು ಕೆಮ್ಮಿ ಕೆಮ್ಮಿ ನಿಂತದ್ದು, ನೀವು ಹೊಸ ಬಿಳಿ ಅಂಗಿಯಲ್ಲಿ ದಬ್ಬಿದ್ದು, ನಿಮ್ಮ ಸೋದರಮಾವನ ಮನೆಯವರು ಟೆಂಪೋದಿಂದ ನಗುತ್ತ ಕೈಬೀಸಿ ಹೋದದ್ದು ನನಗೂ ನೆನಪಿದೆ. "ನಿಮ್ಮಪ್ಪ ಕೆಟ್ಟ ಗಾಡಿ ಕೊಟ್ಟು ಕೈ ತೊಳಕೊಂಡ" ಎಂದಿರಿ. ನಾನು ಸುಮ್ಮನಿರಬಹುದಿತ್ತು. "ಕುರಿ ಹೊಡಿಯೋರ ಕೈಗೆ ಸ್ಟೇರಿಂಗ್ ಕೊಟ್ರ ಹಿಂಗ ಆಗತೈತ್ರಿ" ಎಂದುಬಿಟ್ಟೆ. ನಾನೇನು ಅರಮನೆಯಲ್ಲಿ ಹುಟ್ಟಿದವಳೇ, ನನ್ನ ತಾತನೂ ಕುರಿಯನ್ನೇ ಹೊಡೆದವನು.

ಅಪ್ಪ ನನಗೆ ಓಡಿಸಲು ಕಲಿಸಿದ್ದರು, ಬಿಚ್ಚಲು ಕಲಿಸಿರಲಿಲ್ಲ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪಾನಾ. ವಿಡಿಯೋದವನ ಕಾರಿನಲ್ಲಿ ಬ್ಯಾಟರಿ ಬಲಕ್ಕಿದ್ದರೆ ನಮ್ಮದರಲ್ಲಿ ಎಡಕ್ಕೆ. ಫೋನನ್ನೇ ತಿರುಗಿಸಿ ನೋಡಿದೆ, ಮನುಷ್ಯನೇ ತಲೆಕೆಳಗಾದ. ಬ್ಯಾಟರಿಯನ್ನು ಬಸ್ಸಿನಲ್ಲಿ ಹಡಗಲಿ ಪೇಟೆಗೆ ಒಯ್ದು ಚಾರ್ಜ್ ಮಾಡಿಸಿ ತಂದೆ. ಮೂರು ಪ್ಲಗ್ಗುಗಳೂ ಕಾಡಿಗೆಯಂತಾಗಿದ್ದವು, ನಿಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಅವುಗಳ ವೈರುಗಳನ್ನು ಒಟ್ಟಿಗೇ ಕಿತ್ತು ಯಾವುದು ಯಾವುದಕ್ಕೆಂದು ಮರೆತೆ. ಮೂರು ವೈರನ್ನು ಆರು ಥರ ಜೋಡಿಸಬಹುದೆಂದು ಅವತ್ತೇ ಗೊತ್ತಾದದ್ದು. ಮೊದಲ ಸಲ ಕೀಲಿ ತಿರುಗಿಸಿದಾಗ ಢಂ ಎಂದಿತು. ಪಕ್ಕದ ಮನೆಯ ಮರುಳಸಿದ್ದಮ್ಮ ಓಡಿಬಂದು "ಗ್ಯಾಸ್ ಸಿಲಿಂಡರ್ ಹೋತೇನವ್ವ" ಎಂದು ಕೇಳಿದರು. ಐದನೆಯ ಥರಕ್ಕೆ ಎಂಜಿನ್ ಎದ್ದಿತು, ಎದ್ದದ್ದೇ ಸತ್ತಿತು. ಒಂದು ಬೋಲ್ಟು ಬೇರೆ ಉಳಿದಿದೆ, ಎಲ್ಲಿಯದೋ ಇವತ್ತಿಗೂ ತಿಳಿದಿಲ್ಲ.

ಕಡೆಗೆ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದೆ. ಎಂಜಿನ್ನು ಉಸಿರೆಳೆದುಕೊಳ್ಳುವ ಜಾಗ ಅದು. ಒಳಗೆ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ಹನ್ನೊಂದು ವಿಡಿಯೋ ನೋಡಿದೆ. ಒಂದರಲ್ಲಿ ಧೂಳು, ಒಂದರಲ್ಲಿ ಸತ್ತ ಇಲಿ, ಹಳದಿ ಪುಡಿ ಯಾವುದರಲ್ಲೂ ಇಲ್ಲ. ತುಕ್ಕೋ, ಯಾವುದಾದರೂ ಔಷಧವೋ ಎಂದು ತಲೆ ಕೆಡಿಸಿಕೊಂಡು ಕೊನೆಗೆ ಮೂಸಿ ನೋಡಿದೆ. ಅರಿಶಿನ. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು.

"ಮೈಲಾರಪ್ಪ ದೇವರ ಭಂಡಾರ ಐತವ್ವ ಅದು. ದಾರ್ಯಾಗ ನಿಮಗೇನೂ ಆಗಬಾರದು ಅಂತ ಹಾಕಿದ್ನಿ. ಬಂಡಿಗಾದ್ರ ನೊಗಕ್ಕ ಹಚ್ತೀವಿ, ಇದಕ್ಕ ನೊಗ ಎಲ್ಲೈತಿ?" ಎಂದರು. ಹೊರಗೆ ಹಚ್ಚಿದರೆ ಬಣ್ಣ ಕೆಡುತ್ತದೆಂದು ನೀವು ಬೈಯುತ್ತೀರಂತೆ. ಹೊರಡುವ ಮುಂಚೆ ಧೂಳು ಊದಲು ಡಬ್ಬಿಯ ಮುಚ್ಚಳ ತೆಗೆದಿಟ್ಟು ನೀವು ಚಹಾಕ್ಕೆ ಹೋಗಿದ್ದಿರಲ್ಲ, ಆಗ ಎರಡು ಬೊಗಸೆ ಸುರಿದಿದ್ದಾರೆ. ನೀವು ಫೋನಿನಲ್ಲಿ ಮಾತಾಡುತ್ತ ಬಂದು ನೋಡದೆ ಮುಚ್ಚಿದ್ದೀರಿ.

ಕಾರು ನಿಂತ ಗಳಿಗೆಯಿಂದ ಅವರಿಗೆ ಅನುಮಾನವಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ಹರಿದು ತಿನ್ನುವುದನ್ನು ನೋಡಿ ಬಾಯಿ ಬಿಡಲು ಅಂಜಿದರಂತೆ. "ನನ್ನ ಮಗಗ ಹೇಳಬ್ಯಾಡ, ಅವ ನನ್ನ ಮಕ ನೋಡಂಗಿಲ್ಲ" ಎಂದು ನನ್ನ ಎಣ್ಣೆಗೈಯನ್ನೇ ಹಿಡಿದುಕೊಂಡು ಅತ್ತರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬರೆಯಬೇಡ ಎಂದು ಅವರೂ ಅನ್ನಲಿಲ್ಲ. ಇದು ಸರಿಯೋ ಮೋಸವೋ ನನಗೆ ತಿಳಿಯುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಸತ್ತವರ ಮೇಲೆ ಬಂದ ಮಾತು ಹಾಗೇ ಉಳಿಯಬಾರದು. ಅಪ್ಪ ಕೊಟ್ಟ ಗಾಡಿ ಕೆಟ್ಟದ್ದಾಗಿರಲಿಲ್ಲ.

ಯಾರನ್ನು ಬೈಯಬೇಕೋ ಗೊತ್ತಾಗುವುದಿಲ್ಲ. ಅತ್ತೆಯದು ಭಕ್ತಿ, ನಿಮ್ಮದು ಅವಸರ, ನನ್ನದು ನಾಲಿಗೆ. ನಾನು ಆಡಿದ ಮಾತನ್ನು ಹಿಂದಕ್ಕೆ ತಗೊಂಡಿದ್ದೇನೆ, ಅಪ್ಪನ ಬಗ್ಗೆ ಆಡಿದ್ದನ್ನು ನೀವೂ ತಗೊಳ್ಳಿ. ನನಗೆ ನೀವೂ ಬೇಕು, ಕಾರೂ ಬೇಕು. ನಲವತ್ತು ದಿನ ಎರಡು ರೊಟ್ಟಿ ಹೆಚ್ಚಿಗೇ ಬಡಿದು ಮರುದಿನ ಒಣಗಿದ ಕಟಕಲು ರೊಟ್ಟಿ ತಿಂದವಳು ನಾನೇ.

ಭಂಡಾರವನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಹೊಸ ಫಿಲ್ಟರ್ ಹಾಕಿಯಾಗಿದೆ. ಕೀಲಿ ತಿರುಗಿಸಲು ಮಾತ್ರ ಧೈರ್ಯ ಬರುತ್ತಿಲ್ಲ, ಅದಕ್ಕೇ ಮೊದಲು ಈ ಪತ್ರ ಮುಗಿಸುತ್ತಿದ್ದೇನೆ.

ಇಂತಿ,
ಉಗುರಿನ ಕಪ್ಪು ಇನ್ನೂ ಹೋಗದ ನಿಮ್ಮ
ಸಂಗೀತಾ

ತಾ.ಕ.: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರಬೇಕು. ಇದನ್ನು ನಿಮ್ಮ ಕೈಗೆ ಕೊಟ್ಟು ಎದುರಿಗೆ ನಿಂತಿರುವ ಅತ್ತೆಗೆ ಓದಲು ಬರುವುದಿಲ್ಲ. ಸೊಸೆ ತಪ್ಪೊಪ್ಪಿಕೊಂಡು ಬರೆದಿದ್ದಾಳೆ ಎಂದಷ್ಟೇ ತಿಳಿದುಕೊಂಡಿದ್ದಾರೆ, ಹಾಗೇ ತಿಳಿದುಕೊಂಡಿರಲಿ. ಅವರತ್ತ ಕಣ್ಣು ಕೆಂಪು ಮಾಡಬೇಡಿ, ನಗಲೂ ಬೇಡಿ. ನಾನು ನಿಮ್ಮ ಅಕ್ಕನ ಓಣಿಯ ತುದಿಯಲ್ಲಿ ಕಾರನ್ನು ಚಾಲೂ ಇಟ್ಟುಕೊಂಡೇ ಕುಳಿತಿದ್ದೇನೆ. ಬಂದ್ ಮಾಡಿದರೆ ಮತ್ತೆ ಎದ್ದೀತೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ, ಪೆಟ್ರೋಲು ಊರು ಮುಟ್ಟುವಷ್ಟೇ ಇದೆ. ಬರುವುದೋ ಬೇಡವೋ ಎಂದು ಯೋಚಿಸುವುದಿದ್ದರೆ ಹಿಂದಿನ ಸೀಟಿನಲ್ಲಿ ಕುಳಿತು ಯೋಚಿಸಿ.