ಈಜುಕೊಳದಲ್ಲಿ ಹೆಂಗಸರ ಗಂಟೆ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಮೂಗಿಗೆ ನೀರು. ಕೋಚ್ ದಡದಿಂದಲೇ ಕೂಗಿದಳು: "ಮೇಡಂ, ನೀರನ್ನ ಹೊಡೀಬೇಡಿ, ನಂಬಿ!" ನಂಬುವುದಂತೆ. ನಲವತ್ತು ದಾಟಿದ ಮೇಲೆ ತೇಲಲು ಹೊರಟವಳ ಪಾಡು. ಆದರೂ ಒದ್ದೆ ಕೂದಲಲ್ಲಿ ಆಫೀಸಿಗೆ ಹೋಗುವುದು... ಖುಷಿ.

ಮಾರ್ಚ್ 5
ನಮ್ಮ ನಗರಸಭೆಯ ಈಜುಕೊಳ ಖಾಸಗಿ ಕಂಪನಿಗೆ ಗುತ್ತಿಗೆಗೆ ಹೋಗಲಿದೆ. ಫೈಲ್ ನನ್ನದೇ. ಷರತ್ತೂ ನಾನೇ ಬರೆದದ್ದು — ಸಹಿಗೆ ಮೊದಲು ಒಂದು ತಿಂಗಳು ಗೇಟಿನಲ್ಲಿ ಎಣಿಕೆ, ಜನ ತುಂಬದ ಗಂಟೆ ರದ್ದು. ಸರ್ಕಾರ ಪಕ್ಕಕ್ಕೆ ಸರಿಯಲಿ, ಮಾರುಕಟ್ಟೆ ನೋಡಿಕೊಳ್ಳುತ್ತದೆ. ಮಗಳು ಇದನ್ನು ನವಉದಾರವಾದ ಎಂದು ಕೆಣಕುತ್ತಾಳೆ. ನನಗೆ ಬರೀ ಸಾಮಾನ್ಯಜ್ಞಾನ.
ಬೆಳಗಿನ ಹೆಂಗಸರ ಗಂಟೆಗೆ ಬರುವವರು ಏಳೆಂಟು ಜನ. ಬರೆಯುವಾಗ ಹೊಳೆಯಲಿಲ್ಲವೇ?

ಮಾರ್ಚ್ 6
ಕೊಳದಲ್ಲಿ ಹೇಳಿಬಿಟ್ಟೆ. ಜೊತೆಗೆ ಈಜು ಕಲಿಯುವ ಟೈಲರಮ್ಮ ಸೊಂಟಕ್ಕೆ ಕೈಯಿಟ್ಟಳು. "ಅಂದ್ರೆ ಕೂತಿರೋ ಕೊಂಬೇನ ನೀವೇ ಕಡಿದ್ರಿ!" ಎಲ್ಲರೂ ನಕ್ಕರು, ನಾನೂ.
"ಗಂಡಸರಿರೋ ಹೊತ್ತಲ್ಲಿ ನಮ್ಮನೇಲಿ ಕಳಿಸಲ್ಲ," ಎಂದಳು ನಮ್ಮ ಗುಂಪಿನ ನರ್ಸ್. ನಗು ನಿಂತಿತು.
ಮನೆಗೆ ಬಂದು ಅತ್ತೆಗೆ ಹೇಳಿದೆ. "ತಲೆ ಲೆಕ್ಕ ತಾನೇ? ಈಜು ಬರ್ಲೇಬೇಕು ಅಂತ ಬರ್ದಿದ್ದೀಯಾ?"
ಬರೆದಿರಲಿಲ್ಲ.

ಮಾರ್ಚ್ 19
ಬರೆಯಲು ಬಿಡುವಿಲ್ಲ. ಅತ್ತೆ ತಮ್ಮ ವಾಕಿಂಗ್ ಗುಂಪನ್ನೇ ಕರೆತಂದಿದ್ದಾರೆ. ಒಬ್ಬರಿಗೂ ಈಜು ಬಾರದು. ಮೊಣಕಾಲುದ್ದ ನೀರಲ್ಲಿ ಸಾಲಾಗಿ ನಿಂತು ಸೊಸೆಯರ ಮೇಲೆ ಚಾಡಿ. ಸೊಸೆಯರೂ ಬಂದರು — ಚಾಡಿ ಕೇಳಲೋ, ಈಜಲೋ. ಟೈಲರಮ್ಮನಿಗೆ ತುಂಬುತೋಳಿನ ಈಜುಡುಪು ಹೊಲಿದು ಪೂರೈಸುತ್ತಿಲ್ಲ.
ಇದು ಬೇಡಿಕೆಯೋ, ಒಗ್ಗಟ್ಟೋ? ನಾನು ಓದಿದ ಪುಸ್ತಕಗಳಲ್ಲಿ ಎರಡನೆಯದಕ್ಕೆ ಅಧ್ಯಾಯವೇ ಇರಲಿಲ್ಲ.

ಏಪ್ರಿಲ್ 6
ಎಣಿಕೆ ಮುಗಿಯಿತು. ಹೆಂಗಸರ ಗಂಟೆಯೇ ಎಲ್ಲಕ್ಕಿಂತ ಮುಂದೆ! ಕಂಪನಿಯ ಮ್ಯಾನೇಜರ್ ಮುಖ ಅರಳಿಸಿಕೊಂಡು ಬಂದ: "ಗಂಟೆ ಇರ್ಲಿ ಮೇಡಂ. ಟಿಕೆಟ್ ಮಾತ್ರ ಡಬಲ್. ಡಿಮ್ಯಾಂಡ್ ಇದ್ಯಲ್ಲ!"
ನನ್ನದೇ ಮಾತು, ಅವನ ಬಾಯಲ್ಲಿ. ತಪ್ಪೆನ್ನಲು ನನ್ನ ಬಳಿ ಸೂತ್ರವಿಲ್ಲ. ಆದರೆ ಆ ದರಕ್ಕೆ ನರ್ಸ್ ಮತ್ತೆ ಬರಲಾರಳು. ವಾಕಿಂಗ್ ಗುಂಪೂ.
ಫೈಲಿಗೆ ಇನ್ನೂ ಸಹಿಯಾಗಿರಲಿಲ್ಲ. ಒಂದು ಸಾಲು ಸೇರಿಸಿದೆ — ಟಿಕೆಟ್ ದರ ನಗರಸಭೆಯ ಕೈಯಲ್ಲೇ. ಕಮಿಷನರ್ ಕನ್ನಡಕದ ಮೇಲಿಂದ ನೋಡಿದರು. "ಇದನ್ನ ನೀವಾ ಬರೆದಿರೋದು?"
"ಹೂಂ ಸರ್. ನಾನೇ."
ನಗುತ್ತಾ ಸಹಿ ಹಾಕಿದರು.

ಏಪ್ರಿಲ್ 8, ಬೆಳಿಗ್ಗೆ
ನಿನ್ನೆ ತೇಲಿದೆ! ಕಿವಿಯೊಳಗೆ ನೀರು, ಮೇಲೆ ಛಾವಣಿ, ಸುತ್ತ ಎಲ್ಲರ ಚಪ್ಪಾಳೆ. ನಂಬಿದ್ದು ಯಾವುದನ್ನು? ನೀರನ್ನೋ, ಬೆನ್ನ ಕೆಳಗಿದ್ದ ಟೈಲರಮ್ಮನ ಅಂಗೈಯನ್ನೋ... ನಿಧಾನವಾಗಿ ಯೋಚಿಸಬೇಕು. ಇವತ್ತು ಅತ್ತೆ ಕೊಳದಂಚಿನ ಕಂಬಿ ಬಿಟ್ಟು ತೇಲುತ್ತಾರಂತೆ. ಬಾಗಿಲಲ್ಲಿ ಕೂಗುತ್ತಿದ್ದಾರೆ — "ಬರ್ತೀಯೋ, ನಾನೊಬ್ಳೇ ಹೋಗಿ ಮುಳುಗ್ಲೋ?" ಟವೆಲ್ ಎಲ್ಲಿಟ್ಟೆ —