ಖೇಕಡಾದ ಸೊಂಟದ ಎಣ್ಣೆ

ಕರ್ಜತ್
೮ ಜೂನ್ ೧೯೯೮

ಗೈಕರ್ ಕಾಕಾ,

ಅಪ್ಪನ ಮಂಡಿನೋವಿನ ಸುದ್ದಿಯನ್ನಷ್ಟೇ ಬರೆದು ಈ ಪತ್ರ ಮುಗಿಸುವುದರಲ್ಲಿದ್ದೆ, ಆಗಲಿಲ್ಲ.

ನಿನ್ನೆ ಅವರನ್ನು ರೈಲು ಸಂಗ್ರಹಾಲಯಕ್ಕೆ ಕರೆದೊಯ್ದೆ. ಅಪ್ಪ ಚಾಲಕರಾಗಿ, ನೀವು ಸಹಾಯಕರಾಗಿ ಓಡಿಸಿದ ಖೇಕಡಾ, ಏಡಿಯೆಂದು ಎಲ್ಲರೂ ಕರೆಯುತ್ತಿದ್ದ ಆ ಎಂಜಿನ್, ಅಲ್ಲಿ ನಿಂತಿದೆ. ಘಾಟಿನ ತಿರುವಿನಲ್ಲಿ ಬಳುಕಲೆಂದು ಅದರ ಉದ್ದ ಮೂತಿಯನ್ನು ನಡುವಿನ ಕೋಣೆಗೆ ಜೋಡಿಸಿದ ಕೀಲನ್ನು ತೋರಿಸಿ, "ಇದಕ್ಕೆ ಎಣ್ಣೆ ಹಾಕೋದು ಸಹಾಯಕನ ಕೆಲಸ" ಎಂದ ಅಲ್ಲಿನ ಮಾರ್ಗದರ್ಶಿ. ಅಪ್ಪ ನಕ್ಕುಬಿಟ್ಟರು.

"ಅರೇ ಬಾಬಾ, ಅವಳ ಸೊಂಟ ಮುಟ್ಟೋಕೆ ಯಾರಿಗೆ ಬಿಡ್ತಿದ್ದೆ ನಾನು? ದಿನಾ ನಾನೇ ಹಾಕ್ತಿದ್ದೆ. ಒಂದೇ ದಿನ ಮರೆತೆ, ಅವತ್ತೇ ಹಳಿ ತಪ್ಪಿದಳು ನೋಡು!"

 ಅವತ್ತು ಎಣ್ಣೆ ಹಾಕಲಿಲ್ಲವೆಂದು ಕೆಲಸ ಕಳೆದುಕೊಂಡವರು ನೀವು. ಆಮೇಲೆ ಇದೇ ಕರ್ಜತ್ ಪ್ಲಾಟ್‌ಫಾರ್ಮಿನಲ್ಲಿ ವಡಾ ಮಾರುತ್ತ, ಹದಿನೈದು ವರ್ಷ ಅಪ್ಪನ ಎಂಜಿನ್ ಕಿಟಕಿಗೆ ಮೊದಲ ಬಿಸಿ ವಡಾ ಕೊಟ್ಟವರೂ ನೀವೇ. ನಿಮಗೆ ಗೊತ್ತಿತ್ತೇ? ಅಪ್ಪನ ಅಂಗಿ ತೋಳಿನ ಎಣ್ಣೆ ಕಲೆಯನ್ನು ದಿನವೂ ಒಗೆಯುತ್ತಿದ್ದ ನಾನೇಕೆ ಒಮ್ಮೆಯೂ ಕೇಳಲಿಲ್ಲ?

ವಜಾ ಆದೇಶದ ಪ್ರತಿಯನ್ನು ದಯವಿಟ್ಟು ಹುಡುಕಿಡಿ. ಅಪ್ಪನ ಹೇಳಿಕೆಗೆ ಸಹಿ ಹಾಕಿಸಿ ನಾನೇ ಕಚೇರಿಗೆ ಒಯ್ಯುತ್ತೇನೆ. ಅದಕ್ಕೂ ಮೊದಲು ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಬೇಕು. ಅದಕ್ಕೆ ಧೈರ್ಯ ತಂದುಕೊಳ್ಳಲು ನನಗೊಂದು ವಾರ ಬೇಕು.

ನಿಮ್ಮ
ಸುಲಭಾ

ಅಂಚೆಗೆ ಹಾಕುವುದು: ಸೋಮವಾರ, ಜೂನ್ ೧೫.