ತಡಕ್ಕೆ ಕಾರಣ

ಆಸ್ಪತ್ರೆಯ ಕಡತಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳಲು ಏನಾದರೂ ಇದೆಯೋ ಇಲ್ಲವೋ? ಭಾವನವರ ರಕ್ತದೊತ್ತಡ ಅವರ ಕೋಪಕ್ಕಿಂತ ಕೆಳಗೇ ಇದೆ ಎಂದು ನಂಬಿದ್ದೇನೆ. ನಾಲ್ಕು ವರ್ಷ ಬಿಟ್ಟು ಕ್ಷೇಮ ಕೇಳುವವನನ್ನು ಏನೆಂದು ಬೈದರೂ ಸರಿ, ಕಾಗದ ಮಾತ್ರ ಹರಿಯಬೇಡ, ಕೊನೆಯವರೆಗೆ ಓದು. ನಾನು ಇದ್ದ ಹಾಗೇ ಇದ್ದೇನೆ. ಓದಿದ್ದು ಪದ್ಯ, ಜೋಡಿಸಿದ್ದು ಕಡತ. ಹಾಡಬೇಕಾದ ಗಂಟಲಿಗೆ ಧೂಳಿನ ಹೊಡೆತ. ಪ್ರಾಸದ ಚಟ ಬಿಟ್ಟಿಲ್ಲ, ನೋಡು.

ಎರಡು ವಾರದಿಂದ ಈ ಕೋಣೆಗೆ ಇಬ್ಬರು ವೈದ್ಯವಿದ್ಯಾರ್ಥಿಗಳು ಬರುತ್ತಿದ್ದಾರೆ, ಒಬ್ಬಳು ಮಾತಿನಮಲ್ಲಿ, ಇನ್ನೊಬ್ಬ ಗಡ್ಡದವನು. ಹದಿನಾರು ಆಸ್ಪತ್ರೆಗಳ ವಿದ್ಯಾರ್ಥಿಗಳು ಸೇರಿ ಒಂದೇ ಅಧ್ಯಯನ ಮಾಡುತ್ತಿದ್ದಾರಂತೆ: ಹೊಟ್ಟೆಯ ತುರ್ತು ಆಪರೇಷನ್ನಿಗೆ ಬಂದವರು ಒಳಗೆ ಹೋಗಲು ಎಷ್ಟು ಹೊತ್ತಾಯಿತು, ತಡವಾಗಿದ್ದರೆ ಯಾಕೆ. ಹಳೆಯ ಕಡತಗಳಿಂದ ಹೆಸರು ಬಿಟ್ಟು ವೇಳೆ, ಕಾರಣ ಬರೆದುಕೊಳ್ಳುತ್ತಾರೆ. ಒಂದೇ ಕಡತವನ್ನು ಇಬ್ಬರೂ ಬೇರೆಬೇರೆಯಾಗಿ ಓದಿ ಆಮೇಲೆ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಜಗಳ. ಜಗಳ ಮುಗಿಯದಿದ್ದರೆ ನಾನು. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರಕ್ಕೆ ಪಳಗಿದ ಕಣ್ಣು ಇಲ್ಲಿ ನನ್ನದೊಂದೇ. ನನಗೆ ಕಡತಪ್ಪ ಎಂದು ಹೆಸರಿಟ್ಟಿದ್ದಾರೆ. ಅವರ ಪ್ರೊಫೆಸರಮ್ಮ ಮೊದಲ ದಿನವೇ ಹೇಳಿದ್ದರು: "ತಪ್ಪು ಯಾರದು ಅಂತ ಹುಡುಕ್ಬೇಡಿ. ಹೊತ್ತು ಎಲ್ಲಿ ಹೋಯ್ತು ಅಂತ ಹುಡುಕಿ." ಆ ಮಾತು ನನಗೆ ಬಹಳ ಹಿಡಿಸಿತು. ಬೇರೆಯವರ ಹೊತ್ತು ತಾನೇ.

ಅವರ ಪಟ್ಟಿಯಲ್ಲಿ ಅಮ್ಮನ ಕಡತದ ನಂಬರೂ ಇತ್ತು.

ಅಮ್ಮನನ್ನು ಕಳಿಸಿಕೊಟ್ಟು ಬಂದ ಸಂಜೆ ಎಲ್ಲರೆದುರು ನಾನಂದ ಮಾತು ನೀನು ಮರೆತಿರಲಾರೆ: "ಎರಡು ಗಂಟೆ ಮುಂಚೆ ಕರ್ಕೊಂಡು ಬಂದಿದ್ರೆ ಅಮ್ಮ ಇರ್ತಿದ್ಲು." ನೀನು ಚೀಲ ಎತ್ತಿಕೊಂಡು ಹೊರಟುಹೋದೆ. ತಡ ಮಾಡಿದವಳು ಮಗಳು ಎಂದು ಚಿಕ್ಕಮ್ಮನಿಗೂ ಮಾವನಿಗೂ ನಾನು ಹೇಳುತ್ತಲೇ ಬಂದೆ. ದಿನಕ್ಕೆ ಐವತ್ತು ಕಡತ ತೆಗೆಯುವವನು ಅದೊಂದನ್ನು ತೆಗೆದು ನೋಡಲಿಲ್ಲ. ಈಗ ನಾನೇ ಏಣಿ ಹತ್ತಿ ತೆಗೆದುಕೊಟ್ಟೆ.

ಮೊನ್ನೆ ಶನಿವಾರ ಅದರ ಮೇಲೆಯೇ ಜಗಳ ಬಂತು. ನೋವು ಶುರುವಾದ ಮುಕ್ಕಾಲು ಗಂಟೆಯಲ್ಲೇ ನೀನು ಕರೆತಂದಿದ್ದೀಯ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ. ಹತ್ತು ಗಂಟೆಗೆ ಆಪರೇಷನ್ ಕೋಣೆ ಸಿದ್ಧ. ಅಮ್ಮ ಒಳಗೆ ಹೋದದ್ದು ಒಂದೂವರೆಗೆ. ನಡುವಿನ ಮೂರೂವರೆ ಗಂಟೆ ಎಲ್ಲಿ ಹೋಯಿತು? "ಮನೆಯವರದ್ದೇ ತಡ ಕಣೇ," ಎಂದ ಗಡ್ಡದವನು. "ಮಗಳು ಪಕ್ಕದಲ್ಲೇ ನಿಂತಿದ್ದಾಳಲ್ಲೋ! ಪಾಪ, ಅವಳ ತಲೆಗೆ ಯಾಕೆ ಕಟ್ತೀಯ?" ಎಂದಳು ಮಾತಿನಮಲ್ಲಿ. ನಿನ್ನ ಮುಖ ಕಾಣದವಳು ನಿನ್ನ ಪರ ನಿಂತಳು, ಅಕ್ಕಾ. ಆಮೇಲೆ ಕಡತ ನನ್ನತ್ತ ತಿರುಗಿಸಿ, "ಈ ಎರಡು ಸಾಲು ನೀವೇ ಓದಿ ಕಡತಪ್ಪ," ಎಂದಳು. ಮನಸ್ಸಿನಲ್ಲೇ ಓದಿದೆ. "ಕಾಣ್ತಿಲ್ಲಮ್ಮ, ಕನ್ನಡಕ ತರ್ತೀನಿ," ಎಂದು ಹೊರಗೆ ಹೋದೆ. ಕನ್ನಡಕ ಮೂಗಿನ ಮೇಲೇ ಇತ್ತು. ಇಬ್ಬರೂ ಸಭ್ಯಸ್ಥರು, ನಗಲಿಲ್ಲ.

ಮುಖ ತೊಳೆದು ಬಂದು ಗಟ್ಟಿಯಾಗಿ ಓದಿದೆ: 'ರೋಗಿಗೆ ಪೂರ್ಣ ಎಚ್ಚರವಿದೆ. ಮಗನನ್ನು ನೋಡದೆ ಒಪ್ಪಿಗೆಗೆ ಸಹಿ ಹಾಕುವುದಿಲ್ಲ ಎನ್ನುತ್ತಾರೆ. ಮಗಳು ಮೂರು ಸಲ ಮಗನಿಗೆ ಫೋನ್ ಮಾಡಿದ್ದಾರೆ, ಉತ್ತರವಿಲ್ಲ.' ಅದರ ಕೆಳಗೆ, ಒಂದೂವರೆಗೆ, ಅಮ್ಮನಿಗೆ ಎಚ್ಚರ ತಪ್ಪಿದ ಮೇಲೆ ನೀನು ಹಾಕಿದ ಸಹಿ.

"ಈ ಮಗರಾಯ ಎಲ್ಲಿ ಹಾಳಾಗಿ ಹೋಗಿದ್ನಂತೆ?" ಎಂದ ಗಡ್ಡದವನು.

"ರಸ್ತೆಯಾಚೆ ನಮ್ಮ ಗೋದಾಮಲ್ಲಿ ಹಳೇ ಕಡತ ಎಣಿಸ್ತಿದ್ದೆ," ಎಂದೆ.

ಇಬ್ಬರೂ ಪೆನ್ನು ಕೆಳಗಿಟ್ಟರು. ಹುಡುಗಿ ಎದ್ದು ಕುರ್ಚಿ ಕೊಟ್ಟು, "ಇದೊಂದನ್ನ ಬಿಟ್ಬಿಡ್ತೀವಿ ಸರ್," ಎಂದಳು. ಅಲ್ಲಿಗೆ ಕಡತಪ್ಪ ಹೋಗಿ ಸರ್ ಆದೆ. ಬಿಡಬೇಡಿ, ಬರೆಯಿರಿ ಎಂದೆ. 'ತಡಕ್ಕೆ ಕಾರಣ' ಎಂಬಲ್ಲಿ 'ಮಗನಿಗಾಗಿ ಕಾದದ್ದು' ಎಂದು ಬರೆದಳು. ಅದಕ್ಕೆ ಪ್ರಾಸ ಹುಡುಕಲು ಹೋಗಲಿಲ್ಲ. ಹೀಗೆ ಯಾರಿಗೋ ಕಾದು ಕೂತವರು ನಮ್ಮಲ್ಲೇ ಹತ್ತೊಂಬತ್ತು ಮಂದಿ ಸಿಕ್ಕಿದ್ದಾರೆ. ಇನ್ನು ಮೇಲೆ ರೋಗಿ ಕೇಳಿದವರನ್ನು ಹುಡುಕಿ ತರಲು ಒಬ್ಬರನ್ನು ಓಡಿಸಬೇಕು ಎಂದು ವರದಿಯಲ್ಲಿ ಹೇಳುತ್ತಾರಂತೆ. ಒಳ್ಳೆಯದೇ. ಅಮ್ಮನ ಪಾಲಿಗೆ ನಾಲ್ಕು ವರ್ಷ ತಡ.

ಅಮ್ಮ ಹಾಗೆ ಹಠ ಹಿಡಿದದ್ದನ್ನು ನೀನು ಪಕ್ಕದಲ್ಲಿ ನಿಂತು ಕೇಳಿದ್ದೆ. ಅದೊಂದು ಮಾತು ಸಾಕಿತ್ತು, ಆ ಸಂಜೆ ನನ್ನ ಬಾಯಿ ಮುಚ್ಚಿಸಲು. "ಫೋನ್ ಮಾಡಿದ್ನಲ್ಲೋ," ಎಂದು ನೀನು ಕೇಳಿದೆ, ಅಷ್ಟೇ. ಫೋನು ಮೇಜಿನ ಮೇಲೆ ಬಿಟ್ಟುಹೋಗಿದ್ದೆ ಎಂದು ನಾನು ಹೇಳಿದೆ. ನೀನು ನಂಬಿದೆ. ತಮ್ಮ ಬದುಕಿಡೀ ಕೊರಗಬಾರದೆಂದು ಕಳಂಕವನ್ನು ನೀನೇ ಹೊತ್ತುಕೊಂಡು ಹೋದೆ. ನಿನ್ನೆ ಚಿಕ್ಕಮ್ಮನ ಮನೆಗೂ ಮಾವನ ಮನೆಗೂ ಹೋಗಿ, ಕಡತದಲ್ಲಿದ್ದದ್ದನ್ನು ಹೇಳಿ ಬಂದೆ. ಚಿಕ್ಕಮ್ಮ ಅತ್ತರು. ಮಾವ, "ನಮಗ್ಯಾಕೋ ಹೇಳ್ತೀಯ, ಅವಳಿಗೆ ಹೇಳು," ಎಂದರು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ. ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದಿದ್ದೇನೆ. ಮಂಡಿನೋವಿದೆ, ಎಬ್ಬಿಸಲು ಬಗ್ಗಬೇಡ.

ಹಾಗೆ ಕರೆಯಲು ನಿನಗಿನ್ನೂ ಮನಸ್ಸಿದ್ದರೆ,
ನಿನ್ನ ತಮ್ಮ

ಮರೆತ ಮಾತು: ಬಿಡುವು ಮುಗಿಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮರೆತದ್ದೂ ಅಲ್ಲ. ಇದು ಕಡತದಲ್ಲಿಲ್ಲ, ಮಾವನಿಗೂ ಹೇಳಿಲ್ಲ. ಫೋನು ಮೇಜಿನ ಮೇಲಿರಲಿಲ್ಲ, ಅಕ್ಕಾ. ಅಂಗಿಯ ಜೇಬಿನಲ್ಲಿತ್ತು. ಮೂರು ಸಲವೂ ತೆಗೆದು ನೋಡಿದೆ. ಅಕ್ಕ ತಾನೇ, ಎಣಿಕೆ ಮುಗಿಸಿ ಮಾಡಿದರಾಯಿತು ಅಂದುಕೊಂಡೆ.